ನ್ಯೂಜಿಲೆಂಡ್ ರೋಡ್ ಟ್ರಿಪ್, ಕಡೀ ಎರಡು ದಿನ ಹೆಂಗ್ ಮುಗಿಸ್ಬೇಕು?

ಕ್ವೀನ್ಸ್‌ಟೌನ್‌ನಿಂದ ಕ್ರೈಸ್ಟ್‌ಚರ್ಚ್ ಸುಮಾರು 480 ಕಿಲೋಮೀಟರ್, ಒಂದೇ ದಿನಕ್ಕ ಹೊಡೀಬ್ಯಾಡ್ರಿ, ಟೆಕಾಪೋದಾಗ ಒಂದ್ ರಾತ್ರಿ ಉಳೀರಿ. ದಾರ್ಯಾಗ ಪುಕಾಕಿ ಸರೋವರ ಸಿಗ್ತೈತಿ, ಹಿಮನದಿ ಅರೆದ ಕಲ್ಲಿನ ಹಿಟ್ಟು ನೀರಾಗ ತೇಲೋದಕ್ಕ ಆ ಹಾಲುನೀಲಿ ಬಣ್ಣ. ನಾವು ಗಂಡ ಹೆಂಡ್ತಿ ಅಲ್ಲೇ ಡಿಕ್ಕಿ ತೆಗೆದು ಕುಂತು, ಬಾಗಲಕೋಟಿಯಿಂದ ಒಯ್ದಿದ್ದ (ಏರ್‌ಪೋರ್ಟ್‌ನ್ಯಾಗ ಡಿಕ್ಲೇರ್ ಮಾಡಿದ್ದು ಮತ್ತ!) ಕಟಕ ರೊಟ್ಟಿ ಖಾಲಿ ಮಾಡಿದ್ವಿ.

ಬಾಡಿಗೆ ಕಾರ್ ವಾಪಸ್ ಕೊಡೋದ್ರಾಗ ಮಾತ್ರ ಅವಸರ ಮಾಡಬ್ಯಾಡ್ರಿ. ಏರ್‌ಪೋರ್ಟ್ ಹತ್ರ ಟ್ಯಾಂಕ್ ಫುಲ್ ಮಾಡ್ಸಿ ಬಿಲ್ ಇಟ್ಕೊಳ್ರಿ, ಬೆಳಕಿದ್ದಾಗ ಸುತ್ತಲೂ ವಿಡಿಯೋ ತಗೀರಿ, ಮೀಟರ್ ಫೋಟೋನೂ. ನಮಗ ಹಳೇ ಗೀರಿಗೆ ದುಡ್ಡು ಕೇಳಿದ್ರು, ಮೊದಲ್ನೇ ದಿನದ ವಿಡಿಯೋ ತೋರಿಸಿದ ಮ್ಯಾಲೆ ಸುಮ್ನಾದ್ರು. ಸೀಟಿನ ಕೆಳಗೂ ನೋಡ್ರಿ, ನಮ್ಮಾಕಿ ಒಂದ್ ಚಪ್ಲಿ ಅಲ್ಲೇ ಸಿಕ್ತು. ಜೇನಿನ ಬಾಟ್ಲಿ ತಗೊಂಡಿದ್ರ ಚೆಕ್-ಇನ್ ಬ್ಯಾಗಿಗೆ ಹಾಕ್ರಿ, ಕೈಚೀಲದಾಗ 100 ಎಂಎಲ್ ದಾಟಿದ್ರ ಬಿಡಂಗಿಲ್ಲ.