ಒಂದೊಂದೇ ವಿಷಯ ಬರೆದು ಹತ್ತನೇ ತರಗತಿ ಮುಗಿಸುವುದು ಹೇಗೆ?

ನಮ್ಮ ಅಕ್ಕನ ಮಗನಿಗೆ ಪಾಠ ತಲೆಗೆ ಹತ್ತುತ್ತಿರಲಿಲ್ಲ ಅಂತಲ್ಲ. ಒಂದು ವಿಷಯ ಕೊಟ್ಟು ಎರಡು ತಿಂಗಳು ಬಿಟ್ಟರೆ ಚೆನ್ನಾಗಿಯೇ ಓದುತ್ತಿದ್ದ. ಆದರೆ ಆರು ಪೇಪರು ಸಾಲಾಗಿ ಬಂದು ನಿಂತರೆ ಮೂರನೆಯದರ ಹೊತ್ತಿಗೆ ನಿದ್ದೆ ಇಲ್ಲ, ಊಟ ಇಲ್ಲ, ಓದಿದ್ದೂ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್ ಎರಡೂ ಹೋದವು. ಮನೆಯಲ್ಲಿ ಎಲ್ಲರೂ 'ಇನ್ನೊಂದು ಸಲ ಕಟ್ಟು' ಅಂದರು. ಕಟ್ಟಿದ. ಮತ್ತೆ ಅದೇ ಕಥೆ.

ಇಂಥ ಮಕ್ಕಳು ಪ್ರತಿ ಬೀದಿಯಲ್ಲೂ ಇದ್ದಾರೆ. ಕಾಯಿಲೆ ಬಿದ್ದು ಶಾಲೆ ತಪ್ಪಿದವರು, ಆಟದ ಶಿಬಿರಕ್ಕೆಂದು ಊರೂರು ಸುತ್ತುವವರು, ಮಧ್ಯದಲ್ಲೇ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದವರು. ಇವರಿಗೆ ಬೇಕಾದದ್ದು ಸುಲಭದ ಪರೀಕ್ಷೆಯಲ್ಲ. ತಮಗೆ ಹೊಂದುವ ಸಮಯದಲ್ಲಿ, ತಮ್ಮ ವೇಗದಲ್ಲಿ ಬರೆಯುವ ಅವಕಾಶ. ಅದು ಇದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ. 1989ರಲ್ಲಿ ನ್ಯಾಷನಲ್ ಓಪನ್ ಸ್ಕೂಲ್ ಅಂತ ಶುರುವಾಯಿತು, 2002ರಲ್ಲಿ ಈಗಿನ ಹೆಸರು ಬಂತು. ಕಚೇರಿ ನೊಯ್ಡಾದಲ್ಲಿ. ಬೆಂಗಳೂರಿನಲ್ಲೂ ಪ್ರಾದೇಶಿಕ ಕೇಂದ್ರ ಇದೆ.

ಮೊದಲು: ನಿಮಗೆ ನಿಜವಾಗಿ ಇದು ಬೇಕಾ?

ಬೋರ್ಡ್ ಬದಲಿಸುವ ಮುಂಚೆ ಈಗಿರುವ ಬೋರ್ಡಿನಲ್ಲೇ ಏನು ಸಿಗುತ್ತದೆ ಅಂತ ನೋಡಿ. ನಮ್ಮ ರಾಜ್ಯದಲ್ಲಿ 2023–24ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಪರೀಕ್ಷೆ-1ರಲ್ಲಿ ಫೇಲಾದವರು ಮುಂದಿನದನ್ನು ಬರೆಯಬಹುದು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಯಾವುದರಲ್ಲಿ ಜಾಸ್ತಿ ಬಂದಿದೆಯೋ ಅದೇ ಉಳಿಯುತ್ತದೆ. ಸಿಬಿಎಸ್‌ಇಯಲ್ಲೂ 2026ರಿಂದ ಹತ್ತನೇ ತರಗತಿಗೆ ಎರಡು ಪರೀಕ್ಷೆ. ಮೊದಲನೆಯದು ಎಲ್ಲರಿಗೂ ಕಡ್ಡಾಯ, ಎರಡನೆಯದರಲ್ಲಿ ಮೂರು ವಿಷಯಗಳವರೆಗೆ ಅಂಕ ಸುಧಾರಿಸಿಕೊಳ್ಳಬಹುದು.

ಒಂದೇ ವಿಷಯ ನಾಲ್ಕೈದು ಅಂಕದಲ್ಲಿ ಹೋಗಿದ್ದರೆ ಸುಮ್ನೆ ಬೋರ್ಡ್ ಬದಲಿಸಬೇಡಿ. ಪರೀಕ್ಷೆ-2 ಬರೆಯಿರಿ, ಮುಗಿಸಿ.

ಮಗುವಿಗೆ ಓದುವ, ಬರೆಯುವ ವಿಷಯದಲ್ಲೇ ತೊಂದರೆ ಇದ್ದರೆ, ಉದಾಹರಣೆಗೆ ಡಿಸ್ಲೆಕ್ಸಿಯಾ ಇದ್ದರೆ, ಮೊದಲು ಶಾಲೆಯ ಮುಖ್ಯ ಶಿಕ್ಷಕರ ಹತ್ತಿರ ಕೂತು ಮಾತಾಡಿ. ಬರೆದುಕೊಡುವವರ ಸಹಾಯ, ಹೆಚ್ಚುವರಿ ಸಮಯ ಮುಂತಾದ ಸೌಲಭ್ಯಗಳಿವೆ. ಕೇಂದ್ರದ ಮಾರ್ಗಸೂಚಿ ಹೇಳುವಂತೆ, ಅರ್ಹರಿಗೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಜಾಸ್ತಿ ಸಿಗಬೇಕು. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ! ಇದಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕು. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗುವುದಿಲ್ಲ. ಶಾಲೆ ಶುರುವಾದ ಜೂನ್‌ನಲ್ಲೇ ಶುರು ಮಾಡಿ.

ಇದ್ಯಾವುದೂ ಹೊಂದಲಿಲ್ಲ ಅಂದರೆ ಮುಂದೆ ಓದಿ.

ಹೆಜ್ಜೆ 1: ಅರ್ಹತೆ, ಕಾಗದ ಪತ್ರ

ಎನ್‌ಐಒಎಸ್ ಸೆಕೆಂಡರಿ ಕೋರ್ಸಿಗೆ 14 ವರ್ಷ ತುಂಬಿರಬೇಕು. ಗರಿಷ್ಠ ವಯಸ್ಸು ಅಂತ ಇಲ್ಲ. ತಾಯಿ, ಮಗಳು ಜೊತೆಗೇ ಬರೆದರೂ ಯಾರೂ ತಡೆಯುವುದಿಲ್ಲ. ಎಂಟನೇ ತರಗತಿಯ ದಾಖಲೆ ಇಲ್ಲದಿದ್ದರೆ, ಈ ಕೋರ್ಸ್ ಓದುವಷ್ಟು ಕಲಿತಿದ್ದೇನೆ ಅಂತ ಸ್ವಂತ ಘೋಷಣೆ ಕೊಟ್ಟರೂ ನಡೆಯುತ್ತದೆ. ಜನ್ಮ ದಿನಾಂಕದ ದಾಖಲೆ, ಆಧಾರ್, ಫೋಟೊ, ಸಹಿ ಎಲ್ಲ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಪ್ರವೇಶ ಆನ್‌ಲೈನ್‌ನಲ್ಲೇ.

ಹೆಜ್ಜೆ 2: ವಿಷಯ ಆರಿಸುವುದು

ಇಲ್ಲಿ ಒಂದು ಸಂಜೆಯಲ್ಲ, ಒಂದು ವಾರ ಕೊಡಿ. ಹೆಚ್ಚಿನವರು ಎಡವುವುದು ಇಲ್ಲೇ.

ಪಾಸಾಗಲು ಐದು ವಿಷಯ ಸಾಕು. ಬೇಕಿದ್ದರೆ ಇನ್ನೆರಡು ಸೇರಿಸಬಹುದು. ಐದರಲ್ಲಿ ಕನಿಷ್ಠ ಒಂದು ಭಾಷೆ ಇರಬೇಕು, ಎರಡಕ್ಕಿಂತ ಜಾಸ್ತಿ ಲೆಕ್ಕಕ್ಕಿಲ್ಲ. ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಬಹುದು. ಉಳಿದದ್ದು ನಿಮ್ಮ ಆಯ್ಕೆ: ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಗೃಹ ವಿಜ್ಞಾನ, ಮನಃಶಾಸ್ತ್ರ, ಚಿತ್ರಕಲೆ, ಲೆಕ್ಕಶಾಸ್ತ್ರ, ಡೇಟಾ ಎಂಟ್ರಿ ಹೀಗೆ. ಉಳಿದ ವಿಷಯಗಳ ಪುಸ್ತಕ ಯಾವ ಮಾಧ್ಯಮದಲ್ಲಿ ಸಿಗುತ್ತದೆ ಅಂತ ಪ್ರವೇಶಕ್ಕೆ ಮುಂಚೆಯೇ ಪಟ್ಟಿ ನೋಡಿಕೊಳ್ಳಿ. ಏಳೆಂಟು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಈ ಒಂದು ಸಾಲು ದೊಡ್ಡ ವ್ಯತ್ಯಾಸ ಮಾಡುತ್ತದೆ.

'ಹಾಗಾದರೆ ಗಣಿತವೇ ಇಲ್ಲದೆ ಹತ್ತನೇ ತರಗತಿ ಪಾಸಾಗಬಹುದಾ?' ಅಂತ ಕೇಳುತ್ತೀರಿ ಅಲ್ವಾ? ಆಗಬಹುದು. ಅಕ್ಕನೂ ಇದನ್ನೇ ಮೂರು ಸಲ ಕೇಳಿದಳು. ಆದರೆ ಮೊದಲು ಮಗುವನ್ನು ಕೇಳಿ, ಹತ್ತಾದ ಮೇಲೆ ಏನು ಮಾಡುತ್ತೀಯಾ ಅಂತ. ಡಿಪ್ಲೊಮಾಗೆ ಹೋಗುವುದಾದರೆ ಗಣಿತ, ವಿಜ್ಞಾನ ಎರಡೂ ಬೇಕು. ಪಿಯು ವಿಜ್ಞಾನ ಅಂದುಕೊಂಡಿದ್ದರೂ ಅಷ್ಟೇ. ಐಟಿಐನಲ್ಲೂ ಕೆಲವು ಟ್ರೇಡ್‌ಗಳಿಗೆ ಕೇಳುತ್ತಾರೆ. ಕಲಾ ವಿಭಾಗ ಅಥವಾ ಮನೆಯ ಅಂಗಡಿ ನೋಡಿಕೊಂಡು ವಾಣಿಜ್ಯ ಓದುತ್ತೇನೆ ಅಂದರೆ ದಾರಿ ಸಲೀಸು. ಇವತ್ತಿನ ಸುಲಭಕ್ಕಾಗಿ ಗಣಿತ ಬಿಟ್ಟು, ಎರಡು ವರ್ಷದ ನಂತರ ಡಿಪ್ಲೊಮಾ ಬಾಗಿಲಲ್ಲಿ ನಿಂತು ಅಳುವುದನ್ನು ನಾನು ನೋಡಿದ್ದೇನೆ.

ಹೆಜ್ಜೆ 3: ಪಾಸಾದ ವಿಷಯಗಳನ್ನು ಜೊತೆಗೆ ತನ್ನಿ

ಈ ಸೌಲಭ್ಯ ಎಷ್ಟೋ ಪೋಷಕರಿಗೆ ಗೊತ್ತೇ ಇಲ್ಲ. ಮಾನ್ಯತೆ ಇರುವ ಬೋರ್ಡಿನಲ್ಲಿ ಫೇಲಾಗಿದ್ದರೂ, ಅಲ್ಲಿ ಪಾಸಾದ ವಿಷಯಗಳಲ್ಲಿ ಎರಡರವರೆಗಿನ ಅಂಕವನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಅರ್ಜಿಯಲ್ಲಿ ಇದಕ್ಕೆ ಟಿಒಸಿ ಅಂತ ಇರುತ್ತದೆ. ಆ ವಿಷಯ ಎನ್‌ಐಒಎಸ್ ಪಟ್ಟಿಯಲ್ಲೂ ಇರಬೇಕು.

ನಮ್ಮ ಹುಡುಗ ಕನ್ನಡ, ಸಮಾಜ ವಿಜ್ಞಾನ ತಂದ. ಉಳಿದದ್ದು ಮೂರೇ ವಿಷಯ. ಅವನ ಮುಖದ ಮೇಲೆ ಆರು ತಿಂಗಳಲ್ಲಿ ಮೊದಲ ಸಲ ನಗು ಕಂಡದ್ದು ಅವತ್ತು. ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರ, ಡೇಟಾ ಎಂಟ್ರಿ ಆರಿಸಿದ. ಅವರಪ್ಪನದು ಬೀಜ, ಗೊಬ್ಬರದ ಅಂಗಡಿ. ವಾಣಿಜ್ಯ ಓದುವುದು ಅಂತ ಆಗಲೇ ತೀರ್ಮಾನ ಆಗಿತ್ತು.

ಟಿಒಸಿ ಬೇಕಿದ್ದರೆ ಪ್ರವೇಶದ ಅರ್ಜಿಯಲ್ಲೇ ಗುರುತು ಮಾಡಿ, ಮೂಲ ಅಂಕಪಟ್ಟಿ ಸ್ಕ್ಯಾನ್ ಮಾಡಿ ಹಾಕಿ. ಆಮೇಲೆ ನೋಡೋಣ ಅನ್ನಬೇಡಿ. ಎಳೆಯುತ್ತದೆ.

ಹೆಜ್ಜೆ 4: ಸಾರ್ವಜನಿಕ ಪರೀಕ್ಷೆಯೋ, ಬೇಕೆಂದಾಗ ಬರೆಯುವ ಪರೀಕ್ಷೆಯೋ?

ಅರ್ಜಿ ತುಂಬುವಾಗ 'ಸ್ಟ್ರೀಮ್' ಅಂತ ಒಂದು ಕಾಲಂ ಬರುತ್ತದೆ. ಸೈಬರ್ ಸೆಂಟರ್‌ನವನಿಗೆ ಬಿಟ್ಟರೆ ಅವನು ಮೊದಲನೆಯದನ್ನು ಒತ್ತಿ ಮುಂದೆ ಹೋಗುತ್ತಾನೆ. ನೀವೇ ನೋಡಿ ಆರಿಸಿ.

ಸ್ಟ್ರೀಮ್ 1 ಮಾಮೂಲಿ ದಾರಿ. ಓದಲು ಸಮಯ ಸಿಗುತ್ತದೆ, ಅಧ್ಯಯನ ಕೇಂದ್ರದಲ್ಲಿ ಸಂಪರ್ಕ ತರಗತಿ ಇರುತ್ತದೆ, ಮನೆಯಲ್ಲಿ ಬರೆಯುವ ಅಸೈನ್‌ಮೆಂಟ್ ಇರುತ್ತದೆ. ಇದಕ್ಕೆ ಟಿಎಂಎ ಅನ್ನುತ್ತಾರೆ, ಥಿಯರಿಯ ಶೇ 20ರಷ್ಟು ಅಂಕ ಇದಕ್ಕೇ. ಮಾಡದೆ ಬಿಡುವವರು ಬಹಳ. ಮನೆಯಲ್ಲಿ ಕೂತು ಪುಸ್ತಕ ನೋಡಿ ಬರೆಯುವ ಅಂಕವನ್ನೂ ಬಿಟ್ಟರೆ ಇನ್ನೇನು ಹೇಳುವುದು! ಇದರ ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್. ಸ್ಟ್ರೀಮ್ 2 ಬೇರೆ ಬೋರ್ಡಿನಲ್ಲಿ ಈಗಾಗಲೇ ಬರೆದು, ಬೇಗ ಮುಗಿಸಬೇಕು ಅನ್ನುವವರಿಗೆ.

ಸೆಕೆಂಡರಿಯವರಿಗೆ ಸ್ಟ್ರೀಮ್ 3 ಆನ್ ಡಿಮಾಂಡ್ ಪರೀಕ್ಷೆ. ಈ ಲೇಖನ ಬರೆದದ್ದೇ ಇದಕ್ಕಾಗಿ. ಆನ್‌ಲೈನ್‌ನಲ್ಲಿ ಯಾವ ದಿನ ಯಾವ ವಿಷಯಕ್ಕೆ ಜಾಗ ಇದೆ ನೋಡಿ, ದಿನಾಂಕ ನೀವೇ ಆರಿಸಿ, ಶುಲ್ಕ ಕಟ್ಟಿ, ಹಾಲ್ ಟಿಕೆಟ್ ತೆಗೆದುಕೊಂಡು ಹೋಗಿ ಬರೆದು ಬರುವುದು. ಒಂದು ವಿಷಯ ಬರೆದು ಮನೆಗೆ ಬಂದು, ಮುಂದಿನದಕ್ಕೆ ಬೇಕಾದಷ್ಟು ದಿನ ಓದಿ, ಆಮೇಲೆ ಅದನ್ನು ಬರೆಯಬಹುದು. ಪ್ರಶ್ನೆಪತ್ರಿಕೆಯನ್ನು ಪ್ರಶ್ನೆಗಳ ದೊಡ್ಡ ಸಂಗ್ರಹದಿಂದ ಕಂಪ್ಯೂಟರ್ ತಯಾರು ಮಾಡುತ್ತದೆ. ಪಕ್ಕದವನ ಪೇಪರ್ ನಿಮ್ಮದರ ಹಾಗೆ ಇರುವುದಿಲ್ಲ. ಇಣುಕಿ ಪ್ರಯೋಜನ ಇಲ್ಲ.

ಕಷ್ಟ ಇಲ್ಲದಿಲ್ಲ. ಆನ್ ಡಿಮಾಂಡ್ ಕೇಂದ್ರಗಳು ಕಡಿಮೆ, ತಾಲ್ಲೂಕಿಗೊಂದು ಇರುವುದಿಲ್ಲ. ನಮ್ಮ ಹುಡುಗ ದಾವಣಗೆರೆಯಿಂದ ರಾತ್ರಿ ಬಸ್ಸಿಗೆ ಹತ್ತಿ ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಸ್ನಾನ ಮಾಡಿ ಹೋಗುತ್ತಿದ್ದ. ಉಳಿಯಲು ಮನೆ ಇಲ್ಲದವರಿಗೆ ಖರ್ಚು ಬರುತ್ತದೆ. ಅಂಥವರಿಗೆ ಹತ್ತಿರದ ಕೇಂದ್ರದಲ್ಲಿ ಸಾರ್ವಜನಿಕ ಪರೀಕ್ಷೆಯೇ ವಾಸಿ. ಅಲ್ಲೂ ಐದೂ ವಿಷಯ ಒಟ್ಟಿಗೆ ಕಟ್ಟಲೇಬೇಕು ಅಂತ ಇಲ್ಲ. ಈ ಸಲ ಎರಡು, ಮುಂದಿನ ಸಲ ಎರಡು, ಆಮೇಲೆ ಒಂದು. ನೋಂದಣಿ ಐದು ವರ್ಷ ನಡೆಯುತ್ತದೆ, ಸಾರ್ವಜನಿಕ ಪರೀಕ್ಷೆಗೆ ಒಂಬತ್ತು ಅವಕಾಶ. ಒಮ್ಮೆ ಪಾಸಾದ ವಿಷಯ ಪಾಸಾದ ಹಾಗೇ ಉಳಿಯುತ್ತದೆ. ಹುಡುಗನ ನಿದ್ದೆ ವಾಪಸ್ ಬಂದದ್ದು ಈ ಒಂದು ನಿಯಮದಿಂದ.

ಹೆಜ್ಜೆ 5: ಓದು

ಪುಸ್ತಕಗಳ ಪಿಡಿಎಫ್ ಸಂಸ್ಥೆಯ ವೆಬ್‌ಸೈಟಿನಲ್ಲಿ ಪುಕ್ಕಟೆ. ಪಾಸಾಗಲು ಶೇ 33. ವಿಜ್ಞಾನ, ಗೃಹ ವಿಜ್ಞಾನ, ಚಿತ್ರಕಲೆ, ಡೇಟಾ ಎಂಟ್ರಿಯಂಥವಕ್ಕೆ ಪ್ರಾಕ್ಟಿಕಲ್ ಇದೆ. ಥಿಯರಿ, ಪ್ರಾಕ್ಟಿಕಲ್ ಬೇರೆ ಬೇರೆಯಾಗಿ ಪಾಸಾಗಬೇಕು. ಒಂದರಲ್ಲಿ ಜಾಸ್ತಿ ಬಂದರೆ ಇನ್ನೊಂದನ್ನು ಅದು ಎತ್ತುವುದಿಲ್ಲ.

ಯಾರೂ ಬೆಲ್ ಹೊಡೆಯುವುದಿಲ್ಲ, ಹಾಜರಿ ಕೂಗುವುದಿಲ್ಲ. ಈ ಸ್ವಾತಂತ್ರ್ಯವೇ ಕೆಲವರನ್ನು ಮುಳುಗಿಸುತ್ತದೆ. ಐದು ವರ್ಷ ಇದೆಯಲ್ಲ ಅಂತ ನಾಲ್ಕು ವರ್ಷ ಪುಸ್ತಕ ತೆಗೆಯದವರೂ ಇದ್ದಾರೆ. ನನ್ನ ಕಿವಿಮಾತು: ಪೂರ್ತಿ ಓದಿ ಮುಗಿಸಿ ದಿನಾಂಕ ಆರಿಸುತ್ತೇನೆ ಅನ್ನಬೇಡಿ. ಅರ್ಧ ಪುಸ್ತಕ ಮುಗಿದಾಗಲೇ ದಿನಾಂಕ ಕಟ್ಟಿಬಿಡಿ. ಉಳಿದರ್ಧ ತಾನೇ ಮುಗಿಯುತ್ತದೆ.

ಮತ್ತೆ, ಗೋಡೆಯ ಮೇಲೆ 'ಫೇಲಾದವರಿಗೆ ನೇರ ಪಾಸ್, ನೂರಕ್ಕೆ ನೂರು ಗ್ಯಾರಂಟಿ' ಅಂತ ಬರೆದಿರುತ್ತಾರಲ್ಲ, ಅತ್ತ ಹೋಗಬೇಡಿ. ಅಕ್ಕ ಅಂಥ ಒಂದು ಕಡೆ ಮುಂಗಡ ಕೊಟ್ಟು ಬಂದಿದ್ದಳು. ರಸೀದಿ ಕೇಳಿದರೆ ಇಲ್ಲ, ನೋಂದಣಿ ಸಂಖ್ಯೆ ಕೇಳಿದರೆ ಬರುತ್ತದೆ ಬರುತ್ತದೆ ಅಂದರು. ನೋಂದಣಿ ಆಗಿದ್ದರೆ ನಿಮ್ಮದೇ ಮೊಬೈಲಿಗೆ, ನಿಮ್ಮದೇ ಇಮೇಲಿಗೆ ಸಂದೇಶ ಬರಬೇಕು. ಬಂದಿಲ್ಲ ಅಂದರೆ ಆಗಿಲ್ಲ.

ಹೆಜ್ಜೆ 6: ಪಾಸಾದ ಮೇಲೆ

ಅಂಕಪಟ್ಟಿಯ ಜೊತೆಗೆ ವಲಸೆ ಮತ್ತು ವರ್ಗಾವಣೆ ಪ್ರಮಾಣಪತ್ರವೂ ಬರುತ್ತದೆ. ಕಳೆಯಬೇಡಿ. ಪಿಯು ಕಾಲೇಜಿಗೆ ಹೋಗುವಾಗ ಎರಡನ್ನೂ ಕೇಳುತ್ತಾರೆ. ಬೇರೆ ಬೋರ್ಡಿನಿಂದ ಬಂದವರಿಗೆ ಅರ್ಹತಾ ಪತ್ರ ಬೇಕಾ ಅಂತ ಕಾಲೇಜಿನ ಕಚೇರಿಯಲ್ಲಿ ಪ್ರವೇಶ ಶುರುವಾಗುವ ಮೊದಲೇ ವಿಚಾರಿಸಿ. 'ಓಪನ್ ಸ್ಕೂಲಾ?' ಅಂತ ಯಾರಾದರೂ ಮೂಗು ಮುರಿದರೆ ವಾದಕ್ಕೆ ನಿಲ್ಲಬೇಡಿ, ಮಾನ್ಯತೆಯ ಆದೇಶದ ಪ್ರತಿ ಫೈಲಿನಲ್ಲಿಟ್ಟುಕೊಂಡು ಹೋಗಿ. ಕಾಗದ ಕಂಡರೆ ಮಾತು ಬದಲಾಗುತ್ತದೆ.

ಕೊನೆಗೊಂದು ಸಣ್ಣ ವಿಷಯ. ಅರ್ಜಿಯಲ್ಲಿ ಹೆಸರು, ಅಪ್ಪ ಅಮ್ಮನ ಹೆಸರು, ಇನಿಷಿಯಲ್ ಎಲ್ಲವೂ ಆಧಾರ್‌ನಲ್ಲಿ, ಹಳೆಯ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇವೆಯಾ ಅಂತ ಅಕ್ಷರ ಅಕ್ಷರ ಕೂಡಿಸಿ ನೋಡಿ. ನಮ್ಮ ಹುಡುಗ ಮೂರು ಪರೀಕ್ಷೆಯನ್ನೂ ಮೊದಲನೇ ಸಲಕ್ಕೇ ಪಾಸು ಮಾಡಿದ. ಅವನ ಇಂಗ್ಲಿಷ್ ಹೆಸರಿನಲ್ಲಿ ಬಿಟ್ಟುಹೋಗಿದ್ದ ಒಂದು 'ಎಚ್' ಸೇರಿಸಲು ಮಾತ್ರ ಎರಡು ತಿಂಗಳು ಹಿಡಿಯಿತು.