ಲಿವರ್ ಎಳೆದರೂ ಪಿಸ್ಟನ್ ಅಲ್ಲಾಡದಿದ್ದರೆ

ಜೋರು ಮಳೆ ಅಂತ ಶಾಲೆಗೆ ರಜೆ ಕೊಟ್ಟಿದ್ದರು. ಕದ್ರಿಯ ಅಕ್ಕನ ಮನೆಗೆ ಹೋದರೆ ಅವಳ ಮಗ ಬ್ಲಾಕ್ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಟದ ಎದುರು ಮುಖ ಊದಿಸಿಕೊಂಡು ಕೂತಿದ್ದ. ಗುಡ್ಡದೊಳಗೆ ಗುಟ್ಟಿನ ಬಾಗಿಲು ಕಟ್ಟಿದ್ದಾನೆ, ಲಿವರ್ ಎಳೆದರೆ ಏನೂ ಆಗುವುದಿಲ್ಲ.

"ಎಂತ ಮಾಡಿದ್ರೂ ಆಗ್ತಾ ಇಲ್ಲ ಮಾಮ. ಎಲ್ಲ ಒಡೆದು ಮತ್ತೆ ಕಟ್ತೇನೆ."

ಬೇಡ ಮಾರಾಯ. ಒಂದು ಫ್ಯಾನ್ ತಿರುಗದಿದ್ದರೆ ಇಡೀ ಮನೆಯ ವಯರಿಂಗ್ ಕಿತ್ತು ಹಾಕುತ್ತಾರಾ?

ಮೊದಲು ಲಿವರ್ ಆನ್ ಮಾಡಿ, ಆಟದಲ್ಲಿ ವಯರಿನ ಕೆಲಸ ಮಾಡುವ ರೆಡ್‌ಸ್ಟೋನ್ ಪುಡಿಯ ಸಾಲು ಹಿಡಿದು, ಬಾಗಿಲಿನ ಕಲ್ಲು ತಳ್ಳುವ ಪಿಸ್ಟನ್ ಕಡೆಗೆ ನಡೆಯಿರಿ. ಪುಡಿ ಎಲ್ಲಿಯವರೆಗೆ ಹೊಳೆಯುತ್ತಿದೆಯೋ ಅಲ್ಲಿಯವರೆಗೆ ಸರಿ ಇದೆ. ಅದು ಮಂಕಾಗುವ ಜಾಗದಲ್ಲೇ ತೊಂದರೆ. ಪುಡಿಯಲ್ಲಿ ಕರೆಂಟ್ ಹರಿಯುವುದು 15 ಬ್ಲಾಕ್ ಮಾತ್ರ. ಅಷ್ಟರೊಳಗೆ ಒಂದು ರಿಪೀಟರ್ ಇಟ್ಟರೆ ಮುಂದಕ್ಕೆ ಮತ್ತೆ 15 ಸಿಗುತ್ತದೆ. ಸಾಲು ಮೆಟ್ಟಿಲು ಹತ್ತುವ ಕಡೆ ಕೆಳಗಿನ ಪುಡಿಯ ತಲೆಯ ಮೇಲೆ ಕಲ್ಲು ಇಟ್ಟಿದ್ದರೆ ಅಲ್ಲೇ ತುಂಡಾಗುತ್ತದೆ. ಗೋಡೆ ಚಂದ ಮಾಡಲು ಹೋಗಿ ಮಕ್ಕಳು ಜಾಸ್ತಿ ಮಾಡುವ ತಪ್ಪು ಇದು.

ಪುಡಿ ಹೊಳೆದು ರಿಪೀಟರ್ ಹತ್ತಿರ ನಿಂತಿತಾ? ಅದರ ಮೇಲಿನ ಬಾಣದ ಗುರುತು ನೋಡಿ. ರಿಪೀಟರ್ ಒಂದೇ ದಿಕ್ಕಿಗೆ ಕರೆಂಟ್ ಬಿಡುತ್ತದೆ, ಇಡುವಾಗ ನೀವು ಯಾವ ಕಡೆ ನೋಡುತ್ತಿದ್ದಿರೋ ಆ ಕಡೆಗೆ. ನಮ್ಮ ಹುಡುಗ ಪಿಸ್ಟನ್ ಪಕ್ಕ ನಿಂತು, ಲಿವರ್ ಕಡೆ ಮುಖ ಮಾಡಿ ಇಟ್ಟಿದ್ದ.

ಪಿಸ್ಟನ್‌ವರೆಗೆ ಎಲ್ಲ ಹೊಳೆಯುತ್ತಿದ್ದರೂ ಅಲ್ಲಾಡದಿದ್ದರೆ, ಸಾಲು ಪಿಸ್ಟನ್‌ಗೆ ನೇರ ಮುಟ್ಟುತ್ತಿದೆಯೋ, ಸುಮ್ನೆ ಪಕ್ಕದಲ್ಲಿ ಹಾದು ಹೋಗುತ್ತಿದೆಯೋ ನೋಡಿ. ಹಾದು ಹೋದರೆ ಸಾಲದು. ತಳ್ಳುವ ಸಾಲಿನಲ್ಲಿ 12ಕ್ಕಿಂತ ಹೆಚ್ಚು ಬ್ಲಾಕ್ ಇದ್ದರೂ ಪಿಸ್ಟನ್ ಮಿಸುಕುವುದಿಲ್ಲ. ನಡುವೆ ಅಬ್ಸಿಡಿಯನ್ ಎಂಬ ಗಟ್ಟಿ ಕಲ್ಲು ಒಂದಿದ್ದರೂ ಅಷ್ಟೇ.

ಇನ್ನೊಂದು, ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ತಲೆ ತಿನ್ನುವುದು: ವಿಡಿಯೊ ನೋಡಿ ಒಂದೊಂದೇ ಬ್ಲಾಕ್ ಹಾಗೇ ಕಟ್ಟಿದ್ದೀರಿ, ಆದರೂ ಓಡುವುದಿಲ್ಲ. ತಪ್ಪು ನಿಮ್ಮದಲ್ಲ. ಕಂಪ್ಯೂಟರ್‌ನಲ್ಲಿ ಆಡುವ ಜಾವಾ ಆವೃತ್ತಿಯಲ್ಲಿ ಪಿಸ್ಟನ್‌ನ ಮೇಲಿನ ಖಾಲಿ ಜಾಗಕ್ಕೆ ಕರೆಂಟ್ ತಾಗಿದರೂ ಅದು ಓಡಬಲ್ಲದು. ಮೊಬೈಲ್‌ನಲ್ಲಿ ಆಡುವ ಬೆಡ್‌ರಾಕ್‌ನಲ್ಲಿ ಆ ಆಟ ನಡೆಯುವುದಿಲ್ಲ. ವಿಡಿಯೊ ಯಾವ ಆವೃತ್ತಿಯದ್ದು ಅಂತ ನೋಡಿಯೇ ಕಲ್ಲು ಇಡಲು ಶುರು ಮಾಡಿ.

ಬಾಗಿಲು ಬಿಟ್ಟು ಬೇರೆ ಕಡೆ ಹಾಪರ್ ಎಂಬ ಆಲಿಕೆ ಸಾಮಾನು ಸಾಗಿಸುವುದನ್ನು ನಿಲ್ಲಿಸಿದರೆ ಅದಕ್ಕೆ ಕರೆಂಟ್ ತಾಗಿದೆಯಾ ನೋಡಿ. ಇದು ಉಲ್ಟಾ ಗಿರಾಕಿ, ಕರೆಂಟ್ ಬಂದರೆ ಕೆಲಸ ನಿಲ್ಲಿಸುತ್ತದೆ.

ನಮ್ಮ ಹುಡುಗ ರಿಪೀಟರ್ ಒಡೆದು, ಲಿವರ್ ಕಡೆ ನಿಂತು ಮತ್ತೆ ಇಟ್ಟ. ಎರಡೂ ಕಡೆಯಿಂದ ಕಲ್ಲು ಬಂದು ಬಾಗಿಲು ಮುಚ್ಚಿತು. ಲಿವರ್ ವಾಪಸ್ ಎಳೆದರೆ ತೆರೆದದ್ದು ಎಡಗಡೆ ಮಾತ್ರ. ಬಲಗಡೆ ಸಾದಾ ಪಿಸ್ಟನ್ ಇಟ್ಟಿದ್ದ, ಅದು ತಳ್ಳುತ್ತದೆ, ಎಳೆಯುವುದಿಲ್ಲ. ಎಳೆಯಲು ಸ್ಟಿಕಿ ಪಿಸ್ಟನ್ ಬೇಕು, ಅದಕ್ಕೆ ಜೌಗು ನೆಲದ ಸ್ಲೈಮ್ ಎಂಬ ಲೋಳೆ ಪ್ರಾಣಿಯನ್ನು ಹೊಡೆದರೆ ಸಿಗುವ ಉಂಡೆ ಬೇಕು.

"ಊಟಕ್ಕೆ ಬನ್ನಿ" ಅಂತ ಅಕ್ಕ ಕರೆಯುತ್ತಿದ್ದಳು. ಅವನು ಆಗಲೇ ಕತ್ತಿ ಹಿಡಿದು ಜೌಗು ನೆಲದ ಕಡೆ ಹೊರಟಿದ್ದ.