ಬಿಟ್ಟ ಮೇಲೆ ಬೇರೆ ಕಡೆ ಸೇರಬಾರದು ಅಂತ ಸಹಿ ಹಾಕಿಸಿಕೊಂಡಿದ್ದಾರಾ?

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. ಶಿವಮೊಗ್ಗದ ಒಂದು ಕೋಚಿಂಗ್ ಸೆಂಟರ್‌ನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದವಳು. ವಿನೋಬನಗರದಲ್ಲಿ ಇನ್ನೊಂದು ಕಡೆ ಜಾಸ್ತಿ ಸಂಬಳಕ್ಕೆ ಕರೆದಿದ್ದರು. ಬಿಡ್ತೀನಿ ಅಂದ ಕೂಡಲೇ ಮಾಲೀಕರು ಡ್ರಾಯರ್‌ನಿಂದ ಅವಳದೇ ಸಹಿ ಇರುವ ಕಾಗದ ತೆಗೆದು, ಒಂದು ಸಾಲಿನ ಮೇಲೆ ಬೆರಳಿಟ್ಟರಂತೆ. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಜಿಲ್ಲೆಯೊಳಗೆ ಎಲ್ಲೂ ಪಾಠ ಮಾಡುವಂತಿಲ್ಲ!

"ಅಣ್ಣಯ್ಯ, ಹಂಗಾದ್ರೆ ಎರಡು ವರ್ಷ ಮನೇಲಿ ಅಡಿಕೆ ಸುಲೀತಾ ಕೂರೋದಾ?" ಅಂದಳು.

ಬೇಡ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬರು ಕಾನೂನುಬದ್ಧ ಕೆಲಸ ಮಾಡದಂತೆ ತಡೆಯುವ ಕರಾರು ಆ ಮಟ್ಟಿಗೆ ಅಸಿಂಧು. ಸಹಿ ಹಾಕಿದ್ದೀರಿ ಅಂದ ಮಾತ್ರಕ್ಕೆ ಅದಕ್ಕೆ ಜೀವ ಬರುವುದಿಲ್ಲ. ಕ್ರಿಕೆಟಿಗ ಜಹೀರ್ ಖಾನ್ ಮತ್ತು ಅವರ ಹಳೆಯ ಏಜೆನ್ಸಿಯ ಜಗಳದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದೂ ಇದನ್ನೇ: ಕರಾರಿನ ಅವಧಿ ಮುಗಿದ ಮೇಲೆ ಆ ಥರದ ನಿರ್ಬಂಧ ನಡೆಯುವುದಿಲ್ಲ. ನಿಮ್ಮದೇ ಬೇಕರಿಯನ್ನು ಹೆಸರು ಸಮೇತ ಮಾರಿ ಪಕ್ಕದ ಬೀದಿಯಲ್ಲಿ ಇನ್ನೊಂದು ತೆರೆಯಲು ಹೊರಟರೆ ಮಾತು ಬೇರೆ, ಅದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಸಂಬಳಕ್ಕೆ ದುಡಿಯುವವರಿಗೆ ಅದು ಅನ್ವಯಿಸಲ್ಲ.

ಹಾಗಂತ ಆ ಕಾಗದವನ್ನು ಪೂರ್ತಿ ಮರೆತುಬಿಡಬೇಡಿ. ಜನ ಸಿಕ್ಕಿಬೀಳುವುದು ಅದರ ಬೇರೆ ಸಾಲುಗಳಲ್ಲಿ.

ಮೊದಲನೆಯದು, ಕೆಲಸದಲ್ಲಿ ಇರುವಾಗಿನ ನಿರ್ಬಂಧ. ಇದು ನಡೆಯುತ್ತದೆ, 1967ರಲ್ಲೇ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಆದ್ದರಿಂದ ನೋಟಿಸ್ ಪೀರಿಯಡ್ ಮುಗಿಯುವ ಮೊದಲೇ 'ಸಂಜೆ ಸುಮ್ನೆ ಎರಡು ಕ್ಲಾಸ್ ಅಷ್ಟೇ' ಅಂತ ಹೊಸ ಕಡೆ ಹೋಗಬೇಡಿ.

ಆಮೇಲೆ ಬಾಂಡ್. ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಒಂದು ಸರ್ಕಾರಿ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಸರಿ ಅಂದಿದೆ. ಆದರೆ ಬರೆದಷ್ಟೂ ಕೊಡಲೇಬೇಕು ಅಂತೇನಿಲ್ಲ. ಅದೇ ಕರಾರು ಕಾಯ್ದೆಯ 74ನೇ ಸೆಕ್ಷನ್ ಹೇಳುವುದು ನ್ಯಾಯವಾದ ಪರಿಹಾರ ಅಂತ, ಬರೆದ ಮೊತ್ತ ಅದರ ಮೇಲಿನ ಮಿತಿ ಮಾತ್ರ. ನಿಮಗೆ ಟ್ರೇನಿಂಗ್ ಕೊಡಲು ಎಷ್ಟು ಖರ್ಚು ಮಾಡಿದ್ದೀರಿ, ಲೆಕ್ಕ ಕೊಡಿ ಅಂತ ಬರವಣಿಗೆಯಲ್ಲೇ ಕೇಳಿ.

ನನಗೆ ನಿಜಕ್ಕೂ ಭಯ ಇರುವುದು ಖಾಲಿ ಚೆಕ್ ಬಗ್ಗೆ. ಸೇರುವಾಗ 'ಸೆಕ್ಯುರಿಟಿಗೆ' ಅಂತ ಸಹಿ ಮಾಡಿಸಿಕೊಳ್ಳುತ್ತಾರಲ್ಲ, ಅದನ್ನು ಮೊತ್ತ ತುಂಬಿ ಬ್ಯಾಂಕಿಗೆ ಹಾಕಿ ಬೌನ್ಸ್ ಮಾಡಿಸಿದರೆ ಕ್ರಿಮಿನಲ್ ಕೇಸ್ ಆಗುತ್ತೆ, ಮೊತ್ತ ನಾನು ಬರೆದಿದ್ದಲ್ಲ ಅಂದರೆ ಅಷ್ಟಕ್ಕೇ ಬಚಾವಾಗಲ್ಲ. ಕೊಡಲೇಬೇಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡೂ ಅಷ್ಟೇ, ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ವಾಪಸ್ ಬ್ಯಾಗಿಗೆ ಹಾಕಿಕೊಳ್ಳಿ.

ಹೊಸ ಕಡೆ ಸೇರುವ ಮುಂಚೆ ಈ ಷರತ್ತು ಇದೆ ಅಂತ ಅವರಿಗೂ ಹೇಳಿಬಿಡಿ, ಆಮೇಲೆ ಗೊತ್ತಾದರೆ ಮುಜುಗರ. ವಕೀಲರ ನೋಟಿಸ್ ಬಂದರೆ ಅಟ್ಟಕ್ಕೆ ಎಸೆಯಬೇಡಿ, ಚಿಕ್ಕದಾದರೂ ಉತ್ತರ ಹೋಗಬೇಕು. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಫೋನ್ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ.

ನಮ್ಮ ಹುಡುಗಿ ರಾಜೀನಾಮೆಯನ್ನು ಈಮೇಲ್‌ನಲ್ಲಿ ಕಳಿಸಿ ಒಂದು ತಿಂಗಳು ಪೂರ್ತಿ ಪಾಠ ಮಾಡಿದಳು. ಕೊನೆಯ ದಿನ ಅವರ ಪ್ರಶ್ನೆಪತ್ರಿಕೆಗಳಿದ್ದ ಪೆನ್‌ಡ್ರೈವ್ ಕೊಟ್ಟು ಕಾಗದದ ಮೇಲೆ ಸಹಿ ತಗೊಂಡಳು, ಮಕ್ಕಳ ಪೋಷಕರ ವಾಟ್ಸಾಪ್ ಗ್ರೂಪ್‌ಗಳಿಂದ ಹೊರಬಂದಳು. ಆ ನಂಬರ್ ಹಿಡಿದು ಒಬ್ಬರಿಗೂ ಫೋನ್ ಮಾಡಲಿಲ್ಲ. ನ್ಯೂಟನ್‌ನ ನಿಯಮ ಯಾರಪ್ಪನ ಆಸ್ತಿಯೂ ಅಲ್ಲ, ಅದನ್ನು ಮಾತ್ರ ತಲೆಯಲ್ಲಿಟ್ಟುಕೊಂಡು ವಿನೋಬನಗರಕ್ಕೆ ಹೋದಳು.